ಕಿಟಕಿಗೆ ಪರದೆ ಹೊಲಿಸುವ ಮುನ್ನ: ಬಿಸಿಲು, ಗೋಡೆ, ರಾಡು, ಬಟ್ಟೆ

ಹೊಸ ಮನೆಗೆ ಪರದೆ ಮಾಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಬಟ್ಟೆಯ ಅಂಗಡಿಗೆ. ಗೃಹಪ್ರವೇಶದ ದಿನ ಹತ್ತಿರ ಬಂದಿರುತ್ತದೆ, ಗೋಡೆಯ ಬಣ್ಣ ಆಗಷ್ಟೇ ಒಣಗಿರುತ್ತದೆ. ಆ ಬಣ್ಣಕ್ಕೆ ಹೊಂದುವ ಬಟ್ಟೆಯನ್ನು ಆರಿಸಿ, ಕಿಟಕಿಯ ಉದ್ದಗಲವನ್ನು ಅಂದಾಜಿನಲ್ಲಿ ಹೇಳಿ, ಮುಂಗಡ ಕೊಟ್ಟು ಬರುತ್ತಾರೆ. ರಾಡು, ಬ್ರಾಕೆಟ್‌ಗಳ ವಿಚಾರವನ್ನು ಕೊನೆಯ ದಿನ ಡ್ರಿಲ್ ಹಿಡಿದು ಬರುವವರಿಗೆ ಬಿಟ್ಟುಬಿಡುತ್ತಾರೆ. ನಮ್ಮ ಮೊದಲ ಮನೆಯಲ್ಲಿ ನಾವೂ ಹಾಗೆಯೇ ಮಾಡಿದ್ದೆವು. ಪಶ್ಚಿಮದ ಕೋಣೆಗೆಂದು ಇಷ್ಟಪಟ್ಟು ಆರಿಸಿದ ದಪ್ಪ ಹತ್ತಿಯ ಪರದೆ ಮೊದಲ ಒಗೆತಕ್ಕೇ ನಾಲ್ಕು ಇಂಚು ಕುಗ್ಗಿತು, ಏಳು ಅಡಿಯ ತೆಳುವಾದ ರಾಡು ಆರು ತಿಂಗಳಲ್ಲಿ ನಡುವೆ ಬಾಗಿತು, ಮಧ್ಯಾಹ್ನದ ಸೆಕೆ ಮಾತ್ರ ಎಂದಿನಂತೆಯೇ ಇತ್ತು. ಅಂದಿನಿಂದ ನಾನು ಅನುಸರಿಸುತ್ತಿರುವ ಮತ್ತು ಕೇಳಿದವರಿಗೆಲ್ಲ ಹೇಳುತ್ತಿರುವ ಕ್ರಮ ಇದಕ್ಕೆ ನೇರ ವಿರುದ್ಧವಾದುದು: ಮೊದಲು ಬಿಸಿಲನ್ನು ನೋಡಬೇಕು, ಆಮೇಲೆ ಗೋಡೆಯನ್ನು ಪರೀಕ್ಷಿಸಬೇಕು, ಅದಾದ ಮೇಲೆ ರಾಡನ್ನು ನಿರ್ಧರಿಸಬೇಕು, ಬಟ್ಟೆಯನ್ನು ಎಲ್ಲಕ್ಕಿಂತ ಕೊನೆಗೆ ಆರಿಸಬೇಕು.

ಬಿಸಿಲು ಎಲ್ಲಿಂದ ಬರುತ್ತದೆ

ಕರ್ನಾಟಕವು ಸ್ಥೂಲವಾಗಿ 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇರುವುದರಿಂದ ನಮ್ಮ ಸೂರ್ಯನ ನಡೆ ಶೀತ ದೇಶಗಳ ಅಲಂಕಾರ ಪುಸ್ತಕಗಳಲ್ಲಿ ಹೇಳುವಂತೆ ಇರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯಭಾಗದಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಅವನು ತುಸು ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ಬೇಸಿಗೆಯ ನಡುಹಗಲಿನಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ ಎನ್ನಬಹುದು. ಅದೇ ದಕ್ಷಿಣದ ಕಿಟಕಿಗೆ ಡಿಸೆಂಬರ್‌ನಲ್ಲಿ ಸುಮಾರು 53 ಡಿಗ್ರಿ ಎತ್ತರದಿಂದ ಬಿಸಿಲು ಓರೆಯಾಗಿ ಬರುತ್ತದೆ. ಕಿಟಕಿಯ ಮೇಲೆ ಎರಡು ಅಡಿಯ ಸಜ್ಜಾ ಇದ್ದರೂ ಅದರ ನೆರಳು ಸುಮಾರು ಎರಡೂವರೆ ಅಡಿಯಷ್ಟು ಕೆಳಗೆ ಮಾತ್ರ ಇಳಿಯುವುದರಿಂದ ಕಿಟಕಿಯ ಕೆಳಭಾಗಕ್ಕೆ ಬೆಳಕು ತಾಗುತ್ತದೆ. ಚಳಿಗಾಲದ ಆ ಬಿಸಿಲು ಹಿತಕರವಾದುದು, ಅದನ್ನು ತಡೆಯುವ ಅಗತ್ಯವಿಲ್ಲ. ದಕ್ಷಿಣದ ಕಿಟಕಿಗೆ ಬೇಕಾದದ್ದು ಬಟ್ಟೆ ಬಣ್ಣಗೆಡದಂತೆ ಕಾಯುವ ಲೈನಿಂಗ್, ಅಂದರೆ ಪರದೆಯ ಹಿಂಬದಿಯ ಪದರ ಮಾತ್ರ.

ನಿಜವಾದ ಸಮಸ್ಯೆ ಇರುವುದು ಪಶ್ಚಿಮದ ಕಿಟಕಿಯಲ್ಲಿ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಧ್ಯಾಹ್ನ ಮೂರರ ನಂತರ ಸೂರ್ಯ ಕೆಳಗಿಳಿದು ಕೋಣೆಯ ಒಳಗೋಡೆಯವರೆಗೆ ನೇರವಾಗಿ ಬಿಸಿಲು ಚೆಲ್ಲುವಾಗ ಯಾವ ಸಜ್ಜಾವೂ ಅದನ್ನು ತಡೆಯಲಾರದು. ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು: ಗಾಜನ್ನು ದಾಟಿ ಒಳಬಂದ ಬಿಸಿಲು ಪರದೆಗೆ ಬಡಿದು ಶಾಖವಾಗಿ ಬದಲಾದರೆ, ಆ ಶಾಖವನ್ನು ಗಾಜು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಪರದೆ ಎಷ್ಟು ದಪ್ಪವಾಗಿದ್ದರೂ ಅದು ಕತ್ತಲೆಯನ್ನು ಕೊಡಬಲ್ಲದೇ ಹೊರತು ಪೂರ್ತಿ ತಂಪನ್ನು ಕೊಡಲಾರದು. ಹೀಗಾಗಿ ಪಶ್ಚಿಮದ ಕಿಟಕಿಗೆ ಸಾಧ್ಯವಿದ್ದರೆ ಗಾಜಿನ ಹೊರಗೇ ತಡೆ ಹಾಕುವುದು ಸರಿಯಾದ ಮಾರ್ಗ. ಬಾಲ್ಕನಿ ಅಥವಾ ಜಗಲಿ ಇದ್ದಲ್ಲಿ ಬಿದಿರಿನ ಸುರುಳಿ ಪರದೆಯನ್ನು ಇಳಿಬಿಟ್ಟರೆ ಗಾಜಿಗೆ ಬಿಸಿಲೇ ತಾಗುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಬೇಸಿಗೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದು ಬಹಳ ಪರಿಣಾಮಕಾರಿ. ಗಾಳಿ ಒಣಗಿರುವಲ್ಲಿ ನೀರು ಬೇಗ ಆವಿಯಾಗಿ ಒಳಬರುವ ಗಾಳಿಯನ್ನು ತಂಪಾಗಿಸುತ್ತದೆ. ಅದೇ ಉಪಾಯವನ್ನು ಮಂಗಳೂರಿನಲ್ಲಿ ಮಾಡಿದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೂಷ್ಟು ಬರುತ್ತದೆಯೇ ವಿನಾ ತಂಪಾಗುವುದಿಲ್ಲ.

ಹೊರಗೆ ಏನನ್ನೂ ಕಟ್ಟಲಾಗದ ಫ್ಲ್ಯಾಟ್‌ಗಳಲ್ಲಿ, ಗಾಜಿನ ಕಡೆಗೆ ಬಿಳಿಯ ಅಥವಾ ಕೆನೆಬಣ್ಣದ ಮೇಲ್ಮೈ ಇರುವ ಲೈನಿಂಗ್ ಬಳಸಬೇಕು. ತಿಳಿಬಣ್ಣ ಬಿಸಿಲನ್ನು ಶಾಖವಾಗುವ ಮೊದಲೇ ಗಾಜಿನಾಚೆಗೆ ಹಿಂದಿರುಗಿಸುತ್ತದೆ. ಗಾಢ ನೀಲಿ, ಗಾಢ ಕಂದು ಬಟ್ಟೆಗಳು ಅದನ್ನು ಹೀರಿಕೊಂಡು ಕೋಣೆಯೊಳಗೆ ಬಿಡುತ್ತವೆ. ಕೋಣೆಯ ಕಡೆಗೆ ಕಾಣುವ ಬಟ್ಟೆಯ ಬಣ್ಣ ನಿಮ್ಮ ಇಷ್ಟದ್ದಾಗಿರಲಿ, ಗಾಜಿನ ಕಡೆಗೆ ಮಾತ್ರ ತಿಳಿಬಣ್ಣವೇ ಇರಲಿ. ಉತ್ತರದ ಕಿಟಕಿಗೆ ತೆಳುವಾದ ಒಂದೇ ಪದರದ ಪರದೆ ಸಾಕು. ಪೂರ್ವದ ಮಲಗುವ ಕೋಣೆಗೆ ಎಷ್ಟು ಕತ್ತಲೆ ಬೇಕು ಎನ್ನುವುದು ಅಲ್ಲಿ ಮಲಗುವವರು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ ಎನ್ನುವುದನ್ನು ಅವಲಂಬಿಸಿದೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರಿಗೆ ಬೆಳಕನ್ನು ಪೂರ್ತಿ ತಡೆಯುವ ಬ್ಲ್ಯಾಕ್‌ಔಟ್ ಲೈನಿಂಗ್ ಅಗತ್ಯ, ಉಳಿದವರಿಗೆ ಸಾಮಾನ್ಯ ಹತ್ತಿಯ ಲೈನಿಂಗ್ ಸಾಕಾಗುತ್ತದೆ.

ಗೋಡೆ ಏನನ್ನು ಹೊರಬಲ್ಲದು

ಪರದೆಯ ಭಾರವನ್ನು ಹೊರುವುದು ರಾಡಲ್ಲ, ಗೋಡೆಯೊಳಗೆ ಒಂದೂವರೆ ಇಂಚು ಇಳಿದಿರುವ ನಾಲ್ಕೈದು ಸ್ಕ್ರೂಗಳು. ಅದಕ್ಕಾಗಿ ಗೋಡೆಯ ಒಳಗೆ ಏನಿದೆ ಎಂದು ತಿಳಿಯದೆ ಬ್ರಾಕೆಟ್‌ನ ಜಾಗವನ್ನು ಗುರುತು ಮಾಡಬಾರದು. ನಮ್ಮಲ್ಲಿ ಬಹುತೇಕ ಮನೆಗಳ ಕಿಟಕಿಗಳ ಮೇಲಂಚು ನೆಲದಿಂದ ಏಳು ಅಡಿ ಎತ್ತರದಲ್ಲಿರುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಆರು ಇಂಚು ದಪ್ಪದ ಕಾಂಕ್ರೀಟಿನ ಲಿಂಟಲ್, ಅಂದರೆ ಮೇಲಿನ ಗೋಡೆಯನ್ನು ಹೊರುವ ಅಡ್ಡತೊಲೆ ಇರುತ್ತದೆ. ಕಿಟಕಿಯಿಂದ ಮೂರು ನಾಲ್ಕು ಇಂಚು ಮೇಲೆ ರಂಧ್ರ ಕೊರೆದರೆ ಡ್ರಿಲ್ ಈ ಲಿಂಟಲ್‌ಗೆ ತಗಲುತ್ತದೆ. ಹ್ಯಾಮರ್ ಡ್ರಿಲ್ ಇಲ್ಲದೆ ಅಲ್ಲಿ ಕೊರೆಯಲಾಗದು, ಒಳಗಿನ ಕಬ್ಬಿಣ ಅಡ್ಡ ಬಂದರೆ ರಂಧ್ರ ಅರ್ಧಕ್ಕೇ ನಿಂತು ಸ್ಕ್ರೂ ಸಡಿಲವಾಗಿಯೇ ಉಳಿಯುತ್ತದೆ. ಇಟ್ಟಿಗೆಯ ಗೋಡೆಯಾಗಿದ್ದರೆ ಎಂಟು ಇಂಚು ಮೇಲೆ ಹೋಗಿ ಲಿಂಟಲ್ ದಾಟಿ ಇಟ್ಟಿಗೆಯಲ್ಲೇ ಕೊರೆಯುವುದು ಸುಲಭ; ಆದರೆ ಗೋಡೆ ಟೊಳ್ಳು ಕಾಂಕ್ರೀಟ್ ಬ್ಲಾಕಿನದ್ದೋ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಎ.ಎ.ಸಿ. ಬ್ಲಾಕಿನದ್ದೋ ಆಗಿದ್ದರೆ ಲಿಂಟಲ್‌ನ ಕಾಂಕ್ರೀಟೇ ಹೆಚ್ಚು ಭದ್ರ. ಅಂಥ ಬ್ಲಾಕುಗಳಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಕೆಲವೇ ತಿಂಗಳಲ್ಲಿ ಸಡಿಲಗೊಳ್ಳುತ್ತದೆ. ಆ ಬ್ಲಾಕುಗಳಿಗೆಂದೇ ಮಾಡಿದ, ಒಳಗೆ ಅಗಲವಾಗಿ ಹಿಡಿದುಕೊಳ್ಳುವ ಉದ್ದನೆಯ ಪ್ಲಗ್‌ಗಳನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ತರಬೇಕು.

ಕರಾವಳಿಯ ಮುರಕಲ್ಲಿನ ಗೋಡೆಗಳ ರೀತಿಯೇ ಬೇರೆ. ಕಲ್ಲು ರಂಧ್ರಮಯವಾಗಿರುವುದರಿಂದ ಡ್ರಿಲ್ ಮಾಡುವಾಗ ಕುಳಿಯ ಅಂಚು ಉದುರಿ ಕುಳಿ ದೊಡ್ಡದಾಗುತ್ತದೆ. ಅಲ್ಲಿ ಹಳೆಯ ಬಡಗಿಗಳು ಮಾಡುತ್ತಿದ್ದಂತೆ ದೊಡ್ಡ ಕುಳಿ ತೋಡಿ, ಮರದ ಬೆಣೆಯನ್ನು ಸಿಮೆಂಟಿನಲ್ಲಿ ಕೂರಿಸಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಅದಕ್ಕೆ ಸ್ಕ್ರೂ ಹಾಕುವುದು ಇಂದಿಗೂ ಅತ್ಯಂತ ವಿಶ್ವಾಸಾರ್ಹವಾದ ವಿಧಾನ. ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಗೋಡೆಯನ್ನು ಮುಟ್ಟದೆ ಕಿಟಕಿಯ ಮರದ ಚೌಕಟ್ಟಿಗೇ ಬ್ರಾಕೆಟ್ ಹೊಡೆಯುವುದು ಒಳ್ಳೆಯದು.

ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಮಾಡಿಸುವವರು ಒಂದು ಎಚ್ಚರಿಕೆಯನ್ನು ತಪ್ಪದೆ ವಹಿಸಬೇಕು. ಆ ಬೋರ್ಡಿಗೆ ನೇರವಾಗಿ ಪರದೆಯ ಟ್ರ್ಯಾಕ್ (ಪರದೆ ಓಡುವ ಹಳಿ) ಹಾಕಿದರೆ ಅದು ಇಂದಲ್ಲ ನಾಳೆ ಕಿತ್ತು ಬರುತ್ತದೆ. ಟ್ರ್ಯಾಕ್ ಎಲ್ಲಿ ಬರುತ್ತದೆ ಎಂದು ಮೊದಲೇ ತಿಳಿಸಿ, ಆ ಉದ್ದಕ್ಕೂ ಬೋರ್ಡಿನ ಹಿಂದೆ ಪ್ಲೈವುಡ್ ಪಟ್ಟಿ ಕೂರಿಸಲು ಹೇಳಬೇಕು. ಪರದೆಯ ತಲೆ ಕಾಣದಂತೆ ಸೀಲಿಂಗ್ ಮತ್ತು ಗೋಡೆಯ ನಡುವೆ ಸಂದು ಬಿಡಿಸುವುದಾದರೆ, ಎರಡು ಟ್ರ್ಯಾಕ್ ಕೂರಲು ಕನಿಷ್ಠ ಆರರಿಂದ ಎಂಟು ಇಂಚು ಅಗಲ ಬೇಕು. ನಾಲ್ಕು ಇಂಚು ಬಿಟ್ಟರೆ ಎರಡು ಪರದೆಗಳೂ ಒಂದಕ್ಕೊಂದು ಉಜ್ಜುತ್ತವೆ. ಮೋಟಾರು ಚಾಲಿತ ಪರದೆ ಬೇಕೆನಿಸಿದ್ದರೆ ವಯರಿಂಗ್ ನಡೆಯುವಾಗಲೇ ಕಿಟಕಿಯ ಮೇಲ್ಮೂಲೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಿಸಬೇಕು. ಹಾಗೆಯೇ ಕಿಟಕಿಯ ಪಕ್ಕದಲ್ಲಿ ಎ.ಸಿ.ಯ ಅಥವಾ ಗೋಡೆದೀಪದ ವೈರು ಯಾವ ದಾರಿಯಲ್ಲಿ ಹೋಗಿದೆ ಎನ್ನುವುದರ ಫೋಟೊವನ್ನು ಗಾರೆ ಬಳಿಯುವ ಮೊದಲೇ ತೆಗೆದಿಟ್ಟುಕೊಂಡರೆ ಡ್ರಿಲ್ ಹಿಡಿಯುವ ದಿನ ಆತಂಕವಿರುವುದಿಲ್ಲ.

ರಾಡು, ಟ್ರ್ಯಾಕ್, ಬ್ರಾಕೆಟ್

ರಾಡು ಕಿಟಕಿಯಷ್ಟೇ ಅಗಲವಿರಬೇಕು ಎಂಬುದು ತಪ್ಪು ತಿಳಿವಳಿಕೆ. ಪರದೆಯನ್ನು ಪಕ್ಕಕ್ಕೆ ಸರಿಸಿದಾಗ ಅದು ಗಾಜಿನ ಮೇಲೆ ನಿಲ್ಲದೆ ಗೋಡೆಯ ಮೇಲೆ ನಿಲ್ಲಬೇಕಾದರೆ, ಕಿಟಕಿಯ ಎರಡೂ ಬದಿಗಳಲ್ಲಿ ಎಂಟೆಂಟು ಇಂಚಾದರೂ ರಾಡು ಹೆಚ್ಚಿಗೆ ಇರಬೇಕು. ಕಿಟಕಿಯ ಬಾಗಿಲುಗಳು ಒಳಕ್ಕೆ ತೆರೆಯುವ ಮನೆಗಳಲ್ಲಂತೂ ಇದು ಕಡ್ಡಾಯ. ಇಲ್ಲವಾದರೆ ಪ್ರತಿ ಸಲ ಬಾಗಿಲು ತೆರೆಯುವಾಗಲೂ ಬಟ್ಟೆ ಸಿಕ್ಕಿಕೊಳ್ಳುತ್ತದೆ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ರಾಡುಗಳು ಮುಕ್ಕಾಲು ಇಂಚು ಮತ್ತು ಒಂದು ಇಂಚು ವ್ಯಾಸದವು. ಅಡುಗೆಮನೆಯ ಚಿಕ್ಕ ಕಿಟಕಿಗೆ ಮುಕ್ಕಾಲು ಇಂಚಿನದ್ದು ಸಾಕು, ಉಳಿದೆಲ್ಲ ಕಡೆಗೆ ಒಂದು ಇಂಚಿನದ್ದನ್ನೇ ಆರಿಸಬೇಕು. ವ್ಯಾಸಕ್ಕಿಂತ ಮುಖ್ಯವಾದುದು ಕೊಳವೆಯ ಗೋಡೆಯ ದಪ್ಪ. ಒಂದೇ ವ್ಯಾಸದ, ಒಂದೇ ಉದ್ದದ ಎರಡು ರಾಡುಗಳನ್ನು ಎರಡು ಕೈಗಳಲ್ಲಿ ಹಿಡಿದು ನೋಡಿದರೆ ಯಾವುದು ಹೆಚ್ಚು ತೂಗುತ್ತದೋ ಅದೇ ಒಳ್ಳೆಯದು. ಒಂದರೊಳಗೊಂದು ಸೇರಿ ಉದ್ದವಾಗುವ ರಾಡುಗಳು ಅಂಗಡಿಯಲ್ಲಿ ಅನುಕೂಲವೆನಿಸುತ್ತವೆ, ಆದರೆ ಎರಡು ಕೊಳವೆಗಳು ಸೇರುವ ಜಾಗದಲ್ಲಿ ಪರದೆಯ ಬಳೆ ಪ್ರತಿ ಸಲವೂ ತಡೆದು ನಿಲ್ಲುತ್ತದೆ. ಅಳತೆಗೆ ತಕ್ಕಂತೆ ಕತ್ತರಿಸಿ ಕೊಡುವ ಒಂದೇ ಕೊಳವೆಯ ರಾಡು ಇದಕ್ಕಿಂತ ಎಷ್ಟೋ ವಾಸಿ.

ಕರಾವಳಿಯವರು ಲೋಹದ ಆಯ್ಕೆಯಲ್ಲಿ ವಿಶೇಷ ಗಮನ ಕೊಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಎಂದು ಮಾರುವುದೆಲ್ಲ ಒಂದೇ ಗುಣದ್ದಲ್ಲ. ಅಗ್ಗದ 202 ದರ್ಜೆಯ ಉಕ್ಕಿಗೆ ಉಪ್ಪುಗಾಳಿ ತಾಗಿದರೆ ಒಂದೆರಡು ಮಳೆಗಾಲಗಳಲ್ಲೇ ಕಂದು ಚುಕ್ಕಿ ಏಳುತ್ತದೆ; 304 ದರ್ಜೆಯದು ಅದಕ್ಕಿಂತ ಉತ್ತಮ; ಮಾಲಿಬ್ಡಿನಂ ಬೆರೆತ 316 ದರ್ಜೆಯದು ಉಪ್ಪನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿ ಇದೆಯಾದರೂ 202 ಮತ್ತು 304 ಎರಡೂ ಅಯಸ್ಕಾಂತಕ್ಕೆ ಹೆಚ್ಚಾಗಿ ಅಂಟದಿರುವುದರಿಂದ ಆ ಪರೀಕ್ಷೆಯಿಂದ ವ್ಯತ್ಯಾಸ ತಿಳಿಯುವುದಿಲ್ಲ. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದು ಮೇಲು. ಸಮುದ್ರದ ಸನಿಹದಲ್ಲೇ ಇರುವ ಮನೆಗಳಿಗೆ ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಟ್ರ್ಯಾಕ್ ಅಥವಾ ಮರದ ರಾಡು ನಿಶ್ಚಿಂತೆಯ ಆಯ್ಕೆ. ರಾಡು ತುಕ್ಕು ಹಿಡಿಯದಿದ್ದರೂ ಬ್ರಾಕೆಟ್‌ನ ಸ್ಕ್ರೂಗಳು ತುಕ್ಕು ಹಿಡಿದು ಗೋಡೆಯ ಮೇಲೆ ಕಂದು ಗೀರು ಇಳಿಸುತ್ತವೆಯಾದ್ದರಿಂದ ಸ್ಕ್ರೂಗಳೂ ಅದೇ ದರ್ಜೆಯವಾಗಿರಬೇಕು.

ಆರು ಅಡಿಗಿಂತ ಉದ್ದದ ರಾಡಿಗೆ ನಡುವೆ ಒಂದು ಬ್ರಾಕೆಟ್ ಬೇಕೇ ಬೇಕು. ಈ ನಡುವಿನ ಬ್ರಾಕೆಟ್ ಪರದೆಯ ವಿನ್ಯಾಸವನ್ನೇ ನಿರ್ಧರಿಸುತ್ತದೆ ಎನ್ನುವುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಐಲೆಟ್ ಪರದೆಯಲ್ಲಿ ಬಟ್ಟೆಗೆ ಕೂರಿಸಿದ ಬಳೆಗಳೊಳಗೆ ರಾಡು ತೂರಿರುತ್ತದೆ. ಅಂಥ ಪರದೆ ನಡುವಿನ ಬ್ರಾಕೆಟನ್ನು ದಾಟಿ ಆಚೆಗೆ ಹೋಗಲಾರದು. ಎರಡು ಭಾಗವಾಗಿ ನಡುವಿನಿಂದ ಎರಡೂ ಬದಿಗೆ ಸರಿಯುವ ಪರದೆಗೆ ಇದರಿಂದ ತೊಂದರೆಯಿಲ್ಲ. ಆದರೆ ಬಾಲ್ಕನಿಯ ಜಾರುಬಾಗಿಲಿನಂತೆ ಇಡೀ ಪರದೆ ಒಂದೇ ಬದಿಗೆ ಸರಿಯಬೇಕಾದ ಕಡೆ ರಾಡನ್ನು ಬಿಟ್ಟು ಟ್ರ್ಯಾಕ್ ಹಾಕಿಸಬೇಕು. ಅಂಗಡಿಗಳಲ್ಲಿ ಎಂ ಟ್ರ್ಯಾಕ್ ಎಂದು ಕರೆಯುವ ಅಲ್ಯೂಮಿನಿಯಂ ಹಳಿಯೊಳಗೆ ಚಿಕ್ಕ ಗಾಲಿಗಳು ಓಡುತ್ತವೆ, ನೆರಿಗೆ ಹಿಡಿದು ಹೊಲಿದ ಪರದೆ ಅವಕ್ಕೆ ಕೊಕ್ಕೆಗಳಿಂದ ತೂಗುತ್ತದೆ. ಹಳಿಯನ್ನು ಸೀಲಿಂಗಿಗೆ ಎಷ್ಟು ಕಡೆ ಬೇಕಾದರೂ ಹಿಡಿಸಬಹುದಾದ್ದರಿಂದ ಹದಿನೈದು ಅಡಿಯ ಉದ್ದವನ್ನೂ ಅದು ಬಾಗದೆ ಹೊರುತ್ತದೆ. ನನ್ನ ಅಭಿಪ್ರಾಯದಲ್ಲಿ ಎಂಟು ಅಡಿ ದಾಟಿದ ಯಾವ ಕಿಟಕಿಗೂ ಟ್ರ್ಯಾಕ್‌ಗಿಂತ ಉತ್ತಮವಾದ ವ್ಯವಸ್ಥೆ ಇಲ್ಲ.

ಬ್ರಾಕೆಟ್ ಗೋಡೆಯಿಂದ ಎಷ್ಟು ಮುಂದೆ ಚಾಚಿರಬೇಕು ಎನ್ನುವುದನ್ನೂ ಅಳೆಯಬೇಕು. ಒಂದೇ ಪರದೆಗೆ ಮೂರರಿಂದ ಮೂರೂವರೆ ಇಂಚು, ಒಳಗೊಂದು ತೆಳು ಪರದೆ ಹೊರಗೊಂದು ದಪ್ಪ ಪರದೆ ಇರುವಲ್ಲಿ ಆರು ಇಂಚು ಸಾಮಾನ್ಯ ಲೆಕ್ಕ. ಕಿಟಕಿಯ ಗ್ರಿಲ್ ಅಥವಾ ಸೊಳ್ಳೆ ಜಾಲರಿಯ ಚೌಕಟ್ಟು ಗೋಡೆಯಿಂದ ಹೊರಬಂದಿದ್ದರೆ ಆ ಅಳತೆಯನ್ನು ಇದಕ್ಕೆ ಕೂಡಿಸಿಕೊಳ್ಳಬೇಕು. ರಾಡಿನ ತುದಿಯ ಗುಬ್ಬಿಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಆದರೂ ಪ್ಲಾಸ್ಟಿಕ್ಕಿಗೆ ಚಿನ್ನದ ಬಣ್ಣ ಬಳಿದ ಗುಬ್ಬಿಗಳಿಗಿಂತ, ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಕುಶಲಕರ್ಮಿಗಳಿಂದ ಅಳತೆ ಕೊಟ್ಟು ಮಾಡಿಸಿದ ಗುಬ್ಬಿಗಳು ಮರದ ರಾಡಿಗೆ ಬಹಳ ಚೆನ್ನಾಗಿ ಒಪ್ಪುತ್ತವೆ ಎಂದು ಹೇಳದಿರಲಾರೆ.

ಅಳತೆ ಮತ್ತು ಲೆಕ್ಕ

ಗೋಡೆ ಮತ್ತು ರಾಡು ತೀರ್ಮಾನವಾದ ಮೇಲೆ, ಸಾಧ್ಯವಾದರೆ ರಾಡನ್ನು ಹಾಕಿಸಿಯೇ ಬಿಟ್ಟ ಮೇಲೆ, ಅಳತೆ ತೆಗೆಯಬೇಕು. ಬಟ್ಟೆಯ ಟೇಪು ಹಿಗ್ಗುವುದರಿಂದ ಉಕ್ಕಿನ ಟೇಪನ್ನೇ ಬಳಸಬೇಕು. ನಮ್ಮ ಮನೆಗಳ ನೆಲ ಎಲ್ಲ ಕಡೆಯೂ ಸಮತಟ್ಟಾಗಿರುವುದಿಲ್ಲವಾದ್ದರಿಂದ ಎತ್ತರವನ್ನು ಎಡ, ನಡು, ಬಲ ಹೀಗೆ ಮೂರು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಬರೆದುಕೊಳ್ಳಬೇಕು.

ಲೆಕ್ಕವನ್ನು ಒಂದು ಉದಾಹರಣೆಯಿಂದಲೇ ನೋಡುವುದು ಸುಲಭ. ಕಿಟಕಿಯ ಅಗಲ ಐದು ಅಡಿ, ಮೇಲಂಚು ಏಳು ಅಡಿ ಎತ್ತರದಲ್ಲಿದೆ, ರಾಡು ಅದಕ್ಕಿಂತ ಎಂಟು ಇಂಚು ಮೇಲಿದೆ, ಪರದೆ ನೆಲದವರೆಗೆ ಇಳಿಯಬೇಕು ಎಂದಿಟ್ಟುಕೊಳ್ಳೋಣ. ರಾಡಿನ ಉದ್ದ 60 ಇಂಚಿಗೆ ಎರಡೂ ಬದಿಯ 16 ಇಂಚು ಸೇರಿ 76 ಇಂಚು. ನೆರಿಗೆ ತುಂಬಿ ಬೀಳಬೇಕಾದರೆ ಬಟ್ಟೆಯ ಅಗಲ ರಾಡಿನ ಉದ್ದದ ಎರಡು ಪಟ್ಟು ಇರಬೇಕು, ಅಂದರೆ 152 ಇಂಚು. ಪರದೆಯ ಬಟ್ಟೆ ಹೆಚ್ಚಾಗಿ 48 ಇಂಚು ಅಗಲದಲ್ಲಿ ಬರುವುದರಿಂದ ಭಾಗಿಸಿದರೆ ಮೂರು ಪನ್ನಗಳಿಗಿಂತ (ಪನ್ನ ಎಂದರೆ ಬಟ್ಟೆಯ ಪೂರ್ತಿ ಅಗಲದ ಒಂದು ತುಂಡು) ಸ್ವಲ್ಪ ಹೆಚ್ಚು ಬರುತ್ತದೆ. ಅಂಗಡಿಯವರು ಮೂರು ಸಾಕು ಎನ್ನುತ್ತಾರೆ. ಆದರೆ ಬದಿಗಳನ್ನು ಮಡಚಿ ಹೊಲಿಯುವುದಕ್ಕೆ ಪ್ರತಿ ಪನ್ನದಲ್ಲಿ ನಾಲ್ಕು ಇಂಚು ಕಳೆದರೆ ಮೂರು ಪನ್ನಗಳಿಂದ ಸಿಗುವುದು 132 ಇಂಚು, ಅಂದರೆ ರಾಡಿನ ಒಂದೂಮುಕ್ಕಾಲು ಪಟ್ಟಿಗಿಂತಲೂ ತುಸು ಕಡಿಮೆ. ಜೊತೆಗೆ ಎರಡೂ ಬದಿಗೆ ಸಮವಾಗಿ ಹಂಚಲು ಒಂದು ಪನ್ನವನ್ನು ನಡುವೆ ಸೀಳಬೇಕಾಗುತ್ತದೆ. ನಾಲ್ಕು ಪನ್ನಗಳಾದರೆ ಬದಿಗೆ ಎರಡರಂತೆ ನೇರವಾಗಿ ಹಂಚಿಕೆಯಾಗುತ್ತವೆ, ನೆರಿಗೆಯೂ ಮೈದುಂಬಿ ಬೀಳುತ್ತದೆ. ಬಟ್ಟೆಯಲ್ಲಿ ಉಳಿತಾಯ ಮಾಡಲೇಬೇಕಾದರೆ ಕಡಿಮೆ ಬೆಲೆಯ ಬಟ್ಟೆಯನ್ನು ಆರಿಸಬೇಕೇ ಹೊರತು ನೆರಿಗೆಯನ್ನು ಕಡಿತಗೊಳಿಸಬಾರದು. ಸಾಧಾರಣ ಖಾದಿಯಾದರೂ ತುಂಬು ನೆರಿಗೆಯಿದ್ದರೆ ಗಂಭೀರವಾಗಿ ಕಾಣುತ್ತದೆ, ದುಬಾರಿ ಬಟ್ಟೆ ನೆರಿಗೆಯಿಲ್ಲದೆ ಬಿಗಿದು ನಿಂತರೆ ಹೊದಿಕೆ ಒಣಹಾಕಿದಂತೆ ಕಾಣುತ್ತದೆ.

ಇನ್ನು ಉದ್ದ. ನೆಲದಿಂದ ರಾಡಿಗೆ 92 ಇಂಚು. ಐಲೆಟ್ ಪರದೆಯ ತಲೆ ರಾಡಿನ ಮೇಲೆ ಒಂದೂವರೆ ಇಂಚು ಎದ್ದಿರುತ್ತದೆ, ಕೆಳಗೆ ನೆಲಕ್ಕೆ ಅರ್ಧ ಇಂಚು ಬಿಡಬೇಕು, ಹೀಗಾಗಿ ಹೊಲಿದು ಮುಗಿದ ಪರದೆ 93 ಇಂಚು ಇರಬೇಕು. ತಲೆಯನ್ನು ಸೆಟೆದು ನಿಲ್ಲಿಸುವ ಬಕ್ರಂ ಪಟ್ಟಿ ಮತ್ತು ಕೆಳಗಿನ ಮಡಿಕೆಗೆ 12 ಇಂಚು ಕೂಡಿಸಿದರೆ ಪ್ರತಿ ಪನ್ನಕ್ಕೆ 105 ಇಂಚು, ನಾಲ್ಕಕ್ಕೆ 420 ಇಂಚು, ಅಂದರೆ 10.7 ಮೀಟರು ಬಟ್ಟೆ ಬೇಕು. ದೊಡ್ಡ ಹೂವು ಅಥವಾ ಚೌಕದ ವಿನ್ಯಾಸವಿರುವ ಬಟ್ಟೆಯಾದರೆ ಈ ಲೆಕ್ಕ ಬದಲಾಗುತ್ತದೆ. ವಿನ್ಯಾಸ 24 ಇಂಚಿಗೊಮ್ಮೆ ಮರುಕಳಿಸುವುದಾದರೆ ಎಲ್ಲ ಪನ್ನಗಳಲ್ಲೂ ಹೂವು ಒಂದೇ ಎತ್ತರದಲ್ಲಿ ಬರಲು ಪ್ರತಿ ಪನ್ನವನ್ನು 120 ಇಂಚಿಗೆ ಕತ್ತರಿಸಬೇಕು, ಆಗ 12.2 ಮೀಟರು ಬೇಕಾಗುತ್ತದೆ. ಒಂದೂವರೆ ಮೀಟರಿನ ಈ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕದಿದ್ದರೆ, ಬಟ್ಟೆ ಸಾಲದೆ ಮತ್ತೆ ಅಂಗಡಿಗೆ ಹೋದಾಗ ಅದೇ ಬಣ್ಣದ ಥಾನು ಸಿಗದೆ ಹೋಗಬಹುದು. ಒಂದೇ ವಿನ್ಯಾಸವಾದರೂ ಬೇರೆ ಬೇರೆ ಸಲ ಬಣ್ಣ ಹಾಕಿದ ಥಾನುಗಳ ಛಾಯೆ ಒಂದೇ ಆಗಿರುವುದಿಲ್ಲ.

ಈ ಬಟ್ಟೆಯ ತೂಕವನ್ನೂ ಒಮ್ಮೆ ನೋಡಬೇಕು. ಚದರ ಮೀಟರಿಗೆ 250 ಗ್ರಾಂ ತೂಗುವ ಮಧ್ಯಮ ದಪ್ಪದ ಬಟ್ಟೆಯಾದರೆ ಈ ಒಂದು ಕಿಟಕಿಯ ಪರದೆ ಸುಮಾರು ಮೂರೂಕಾಲು ಕಿಲೋ ಆಗುತ್ತದೆ. ಬ್ಲ್ಯಾಕ್‌ಔಟ್ ಲೈನಿಂಗ್ ಸೇರಿದರೆ ಐದು ಕಿಲೋ ದಾಟುತ್ತದೆ. ಮಗುವೊಂದು ಹಿಡಿದು ಎಳೆದರೆ ಗೋಡೆಯ ಮೇಲೆ ಬೀಳುವ ಭಾರ ಇದರ ಹಲವು ಪಟ್ಟು. ಗೋಡೆಯನ್ನು ಮೊದಲು ನೋಡಬೇಕೆಂದು ಹೇಳಿದ್ದು ಈ ಕಾರಣಕ್ಕಾಗಿಯೇ.

ಕಿಟಕಿಗೆ ಒತ್ತಿ ಮಂಚವೋ ಓದುವ ಮೇಜೋ ಇರುವಲ್ಲಿ ನೆಲದವರೆಗಿನ ಪರದೆ ಬೇಡ. ಕಿಟಕಿಯ ಕೆಳಗಿನ ಕಟ್ಟೆಗಿಂತ ಆರು ಇಂಚು ಕೆಳಗೆ ನಿಲ್ಲುವಷ್ಟು ಸಾಕು, ಅಥವಾ ಮೇಲಕ್ಕೆ ಎಳೆದಾಗ ಮಡಿಕೆ ಮಡಿಕೆಯಾಗಿ ಏರುವ ರೋಮನ್ ಬ್ಲೈಂಡ್ ಹಾಕಿಸಬಹುದು. ಬ್ಲೈಂಡನ್ನು ಚೌಕಟ್ಟಿನ ಒಳಗೆ ಕೂರಿಸುವುದಾದರೆ ಅಗಲವನ್ನು ಮೂರು ಕಡೆ ಅಳೆದು ಅತಿ ಕಿರಿದಾದುದನ್ನು ಕೊಡಬೇಕು, ಮತ್ತು ಕೊಟ್ಟದ್ದು ಕಿಟಕಿಯ ಅಳತೆಯೋ ಬ್ಲೈಂಡಿನ ಅಳತೆಯೋ ಎಂಬುದನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಬೇಕು. ಮಕ್ಕಳಿರುವ ಮನೆಯಲ್ಲಿ ಬ್ಲೈಂಡಿನ ನೇತಾಡುವ ದಾರ ಅಥವಾ ಸರಪಳಿ ಪ್ರಾಣಕ್ಕೇ ಅಪಾಯ ತರುವಂಥದು. ಕುತ್ತಿಗೆಗೆ ಸುತ್ತಿಕೊಂಡು ಸಾವುಗಳು ಸಂಭವಿಸಿರುವ ಕಾರಣಕ್ಕೇ ಅಮೆರಿಕದ ಉದ್ಯಮ ಮಾನದಂಡ 2018ರ ಕೊನೆಯಿಂದ ಸಿದ್ಧ ಬ್ಲೈಂಡ್‌ಗಳಿಗೂ, 2024ರ ಜೂನ್‌ನಿಂದ ಅಳತೆಗೆ ಮಾಡಿಸುವವುಗಳಿಗೂ ದಾರದ ಬಗ್ಗೆ ಬಿಗಿಯಾದ ನಿಯಮಗಳನ್ನು ತಂದಿದೆ. ಇಲ್ಲಿಯೂ ದಾರವಿಲ್ಲದ ಬ್ಲೈಂಡನ್ನೇ ಕೇಳಬೇಕು; ದಾರವಿರುವುದನ್ನೇ ಹಾಕಿಸಿದ್ದರೆ ನೆಲದಿಂದ ಐದು ಅಡಿಗಿಂತ ಎತ್ತರದಲ್ಲಿ ಕೊಕ್ಕೆ ಹೊಡೆದು ಅದಕ್ಕೆ ಸುತ್ತಿಡಬೇಕು, ತೊಟ್ಟಿಲನ್ನಾಗಲಿ ಮಗುವಿನ ಮಂಚವನ್ನಾಗಲಿ ಆ ಕಿಟಕಿಯ ಹತ್ತಿರ ಇಡಬಾರದು.

ಕೊನೆಗೆ ಬಟ್ಟೆ

ಚಿಕ್ಕಪೇಟೆಯಲ್ಲಾಗಲಿ, ಹುಬ್ಬಳ್ಳಿಯ ಮಾರುಕಟ್ಟೆಯಲ್ಲಾಗಲಿ, ಬಟ್ಟೆಯನ್ನು ಅಂಗಡಿಯ ದೀಪದಲ್ಲಿ ನೋಡಿ ತೀರ್ಮಾನಿಸಬಾರದು. ಅರ್ಧ ಮೀಟರು ಕೊಂಡು ತಂದು ಅದೇ ಕಿಟಕಿಗೆ ತೂಗುಹಾಕಿ ಬೆಳಿಗ್ಗೆ, ಮಧ್ಯಾಹ್ನ ಮತ್ತು ದೀಪ ಹಚ್ಚಿದ ಮೇಲೆ ನೋಡಬೇಕು. ಬೆಳಕು ಹಿಂದಿನಿಂದ ಬಂದಾಗ ಕೆನೆಬಣ್ಣ ಹಳದಿಯಾಗಿಯೂ ಬೂದುಬಣ್ಣ ನೀಲಿಯಾಗಿಯೂ ಕಾಣುವುದುಂಟು. ಆ ತುಣುಕನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಡಿದು ಬಿಟ್ಟರೆ ಸುಕ್ಕು ಎಷ್ಟು ಉಳಿಯುತ್ತದೆ ಎಂದು ತಿಳಿಯುತ್ತದೆ. ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಿಡುತ್ತದೆಯೇ ಎಂದು ತಿಳಿಯುತ್ತದೆ. ಅಂಚಿಗೆ ಅಳತೆಯ ಗುರುತು ಮಾಡಿ ಒಮ್ಮೆ ಒಗೆದು ಒಣಗಿಸಿದರೆ ಎಷ್ಟು ಕುಗ್ಗುತ್ತದೆ ಎಂಬುದೂ ತಿಳಿಯುತ್ತದೆ. ಒಗೆಯದ ಹತ್ತಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ, 93 ಇಂಚಿನ ಪರದೆಗೆ ಅದು ನಾಲ್ಕೂವರೆ ಇಂಚಿನವರೆಗೆ ಆಗಬಹುದು. ಆದ್ದರಿಂದ ಹತ್ತಿಯ ಬಟ್ಟೆಗೆ ಆ ಪ್ರಮಾಣವನ್ನು ಲೆಕ್ಕದಲ್ಲಿ ಸೇರಿಸಿ ಕೊಂಡು, ಪೂರ್ತಿ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿಸಿದ ಮೇಲೆಯೇ ದರ್ಜಿಗೆ ಕೊಡಬೇಕು.

ಬಟ್ಟೆ ಹೇಗೆ ಬೀಳುತ್ತದೆ ಎನ್ನುವುದನ್ನು ಸೀರೆ ಉಡುವವರಿಗೆ ವಿವರಿಸಬೇಕಾಗಿಲ್ಲ. ಗಂಜಿ ಹಾಕಿದ ಹತ್ತಿ ಸೀರೆಯ ನೆರಿಗೆ ಸೆಟೆದು ನಿಲ್ಲುವಂತೆಯೇ ಬಿಗಿ ನೇಯ್ಗೆಯ ಬಟ್ಟೆಯ ಪರದೆಯೂ ಹೊರಕ್ಕೆ ಉಬ್ಬಿ ನಿಲ್ಲುತ್ತದೆ, ಕ್ರೇಪ್‌ನಂಥ ಮೆದು ಬಟ್ಟೆ ನೇರವಾಗಿ ಇಳಿಯುತ್ತದೆ. ಎರಡು ಕೈಗಳಿಂದ ನೆರಿಗೆ ಹಿಡಿದು ಜೋಲುಬಿಟ್ಟು ನೋಡಿದರೆ ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ.

ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ದಪ್ಪ ಹತ್ತಿ ಒಣಗದೆ ಬೂಷ್ಟು ಹಿಡಿಯುತ್ತದೆ. ಅಲ್ಲಿಗೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ, ತೆಳುವಾದ, ನೆಲದಿಂದ ಎರಡು ಇಂಚು ಮೇಲೆಯೇ ನಿಲ್ಲುವ ಪರದೆ ಸೂಕ್ತ. ಬಯಲುಸೀಮೆಯ ಧೂಳಿಗೆ ವೆಲ್ವೆಟ್‌ನಂಥ ರೋಮದ ಬಟ್ಟೆಗಳು ಬೇಡ, ನುಣುಪಾದ ನೇಯ್ಗೆಯಿಂದ ಧೂಳು ಕೊಡವಿದರೆ ಹೋಗುತ್ತದೆ. ಅಡುಗೆಮನೆಯಲ್ಲಿ ಒಲೆಯ ಹತ್ತಿರದ ಕಿಟಕಿಗೆ ಯಾವ ಬಟ್ಟೆಯೂ ಬೇಡ; ಅಲ್ಯೂಮಿನಿಯಂ ಪಟ್ಟಿಗಳ ಬ್ಲೈಂಡ್ ಇದ್ದರೆ ಒಗ್ಗರಣೆಯ ಜಿಡ್ಡನ್ನು ಒರೆಸಬಹುದು.

ಕೈಮಗ್ಗದ ಬಟ್ಟೆಯ ಬಗ್ಗೆ ನನಗೆ ವಿಶೇಷವಾದ ಒಲವಿದೆ. ಖಾದಿ ಭಂಡಾರಗಳಲ್ಲಿ, ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ಕೇಳಿ ನೋಡಬೇಕು. ಕೈನೂಲಿನ ಸಣ್ಣ ಏರುಪೇರುಗಳ ನಡುವಿನಿಂದ ಬೆಳಕು ಸೋಸಿ ಬರುವ ರೀತಿ ಗಿರಣಿಯ ಬಟ್ಟೆಯಲ್ಲಿ ಸಿಗುವುದಿಲ್ಲ. ಗುಳೇದಗುಡ್ಡದ ಖಣವನ್ನು ಇಡೀ ಪರದೆಗೆ ಬಳಸುವುದು ಸರಿಯಲ್ಲ, ಅದು ರವಿಕೆಗೆಂದು ನೇಯುವ ನವಿರಾದ ಬಟ್ಟೆ. ಸಾದಾ ಖಾದಿಯ ಪರದೆಯ ಕೆಳಗೆ ಒಂದು ಅಡಿಯ ಪಟ್ಟಿಯಾಗಿ ಅದನ್ನು ಕೂಡಿಸಿದರೆ ಪೂಜೆಯ ಕೋಣೆಗೂ ನಡುಮನೆಗೂ ಒಪ್ಪುತ್ತದೆ. ಹಳೆಯ ಸೀರೆಗಳಿಂದ ಪರದೆ ಹೊಲಿಸುವ ರೂಢಿಯೂ ಒಳ್ಳೆಯದು. ಐದೂವರೆ ಮೀಟರಿನ ಸೀರೆಯನ್ನು ಅಡ್ಡಲಾಗಿ ನಡುವೆ ಕತ್ತರಿಸಿದರೆ ತಲಾ 108 ಇಂಚಿನ ಎರಡು ಪನ್ನಗಳಾಗುತ್ತವೆ, ಮೇಲೆ ಲೆಕ್ಕ ಹಾಕಿದ 105 ಇಂಚಿಗೆ ಅದು ಸರಿಯಾಗಿ ಸಾಕು. ರೇಷ್ಮೆಯ ಸೀರೆಯಾಗಿದ್ದರೆ ಮಾತ್ರ ಹಿಂದೆ ಹತ್ತಿಯ ಲೈನಿಂಗ್ ಇರಲೇಬೇಕು, ಏಕೆಂದರೆ ಬಿಸಿಲು ರೇಷ್ಮೆಯ ಎಳೆಯನ್ನು ಒಣಗಿಸಿ ಕೆಲವೇ ವರ್ಷಗಳಲ್ಲಿ ಸೀಳಿಸುತ್ತದೆ. ಅಮ್ಮನ ಸೀರೆಯನ್ನು ಹಾಗೆ ಕಳೆದುಕೊಳ್ಳುವುದು ದೊಡ್ಡ ನಷ್ಟ.

ದರ್ಜಿಗೆ ಕೊಡುವಾಗ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿ ಕಿಟಕಿಗೂ ಹೆಸರಿಟ್ಟು, ಹೊಲಿದು ಮುಗಿದ ಅಳತೆಯನ್ನು ನಮೂದಿಸಬೇಕು. ಕೆಳಗಿನ ಮಡಿಕೆ ನಾಲ್ಕು ಇಂಚಿಗೆ ಕಡಿಮೆ ಇರಬಾರದು. ಲೈನಿಂಗ್ ಕೆಳಗಡೆ ಮೇಲುಬಟ್ಟೆಗೆ ಹೊಲಿಗೆಯಾಗದೆ ಬಿಡಿಯಾಗಿ ತೂಗಬೇಕು, ಇಲ್ಲದಿದ್ದರೆ ಎರಡು ಬಟ್ಟೆಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಪರದೆ ಸುಕ್ಕಾಗುತ್ತದೆ. ಐಲೆಟ್ ಬಳೆಗಳ ಸಂಖ್ಯೆ ಪ್ರತಿ ಪರದೆಯಲ್ಲೂ ಸಮಸಂಖ್ಯೆಯಾಗಿರಬೇಕು, ಆಗ ಮಾತ್ರ ಎರಡೂ ಅಂಚುಗಳು ಗೋಡೆಯ ಕಡೆಗೆ ತಿರುಗುತ್ತವೆ. ಕೆಳಗಿನ ಮಡಿಕೆಯನ್ನು ಮೊದಲು ಕಚ್ಚಾ ಹೊಲಿಗೆಯಲ್ಲಿ ಬಿಟ್ಟು, ಪರದೆಯನ್ನು ಒಂದು ವಾರ ತೂಗಿಸಿ, ಬಟ್ಟೆ ತನ್ನ ಭಾರಕ್ಕೆ ಇಳಿದ ಮೇಲೆ ಪಕ್ಕಾ ಹೊಲಿಯಲು ಒಪ್ಪುವ ದರ್ಜಿ ಸಿಕ್ಕರೆ ಹೆಚ್ಚು ಕೂಲಿಯಾದರೂ ಅವರಲ್ಲೇ ಮಾಡಿಸಬೇಕು.

ಪರದೆಯನ್ನು ತೂಗಿಸಿದ ಕೂಡಲೇ ಅದು ಸುಂದರವಾಗಿ ಬೀಳುವುದಿಲ್ಲ. ಪೂರ್ತಿ ಬದಿಗೆ ಸರಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ನೆರಿಗೆಯನ್ನು ಕೈಯಿಂದ ತೀಡಿ ಜೋಡಿಸಿ, ಅದೇ ಬಟ್ಟೆಯ ಉಳಿದ ಪಟ್ಟಿಗಳಿಂದ ಮೇಲೆ, ನಡುವೆ ಮತ್ತು ಕೆಳಗೆ ಮೂರು ಕಡೆ ಸಡಿಲವಾಗಿ ಕಟ್ಟಿ ಹಾಗೆಯೇ ಬಿಡಬೇಕು. ಮೂರನೆಯ ದಿನ ಕಟ್ಟುಗಳನ್ನು ಬಿಚ್ಚಿ ಪರದೆ ಎಳೆದರೆ ನೆರಿಗೆಗಳು ತಮ್ಮ ಜಾಗದಲ್ಲಿ ತಾವೇ ಕೂರುತ್ತವೆ.